ಲಟಿಕೆಯ ಸದ್ದಿಗೆ ಮೊದಲು

ಸೊಂಟದ ನೋವು ಕಾಲಿಗೆ ಇಳಿದ ಮೇಲೆ ಸಲಹೆ ಕೊಡುವವರಿಗೆ ಬರವಿರುವುದಿಲ್ಲ. ಹಾಸಿಗೆ ಬಿಟ್ಟು ಏಳಬೇಡ ಎನ್ನುವವರು ಒಂದು ಕಡೆ, ಮಲಗಿದರೆ ಕೆಟ್ಟೆ ಎನ್ನುವವರು ಇನ್ನೊಂದು ಕಡೆ. ಬೆಲ್ಟ್ ಕಟ್ಟಿಕೋ, ನೆಲದ ಮೇಲೆ ಮಲಗು, ಇವತ್ತೇ ಸ್ಕ್ಯಾನ್ ಮಾಡಿಸು. ನನ್ನ ನೋವು ಎಡ ಪೃಷ್ಠದ ಆಳದಲ್ಲೆಲ್ಲೋ ಹುಟ್ಟಿ, ತೊಡೆಯ ಹಿಂಭಾಗದಲ್ಲಿ ಹಾದು, ಮೀನಖಂಡವನ್ನು ಸೀಳಿಕೊಂಡು ಪಾದದ ಹೊರ ಅಂಚಿನವರೆಗೆ ಬರುತ್ತಿತ್ತು. ಕೂತರೆ ಹೆಚ್ಚು, ನಡೆದಾಡಿದರೆ ಕಡಿಮೆ, ಸೀನಿದರೆ ಕಣ್ಣು ಕತ್ತಲೆ. ಇಷ್ಟು ಮಾತಿನಲ್ಲೇ ಅರ್ಧ ರೋಗನಿರ್ಣಯ ಇದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಮೊದಲು ಹೋದದ್ದು ಒಬ್ಬ ಕೈರೊಪ್ರಾಕ್ಟರ್, ಅಂದರೆ ಬೆನ್ನುಮೂಳೆಗೆ ಕೈಯಿಂದ ಚಿಕಿತ್ಸೆ ಕೊಡುವವರ ಬಳಿ. ಅಲ್ಲಿ ಆ ಮಾತುಗಳನ್ನು ಯಾರೂ ಕೇಳಲೂ ಇಲ್ಲ. ಬಾಗಿಲಲ್ಲೇ ಎಕ್ಸ್‌ರೇ ತೆಗೆದರು. ಅದರ ಮೇಲೆ ಕೆಂಪು ಗೆರೆಗಳನ್ನು ಎಳೆದು, ಇಲ್ಲೊಂದು ಕಶೇರುಕ (ಬೆನ್ನುಮೂಳೆಯ ಮಣಿ) ಸರಿದಿದೆ, ಅಲ್ಲಿ ಇನ್ನೊಂದು ತಿರುಗಿದೆ, ಇವನ್ನೆಲ್ಲ ಮತ್ತೆ ಸಾಲಿಗೆ ತರಬೇಕು ಎಂದರು. ತಿಂಗಳುಗಟ್ಟಲೆ ವಾರಕ್ಕೆ ಹಲವು ಸಲ ಬರಬೇಕು, ಹಣ ಮುಂಗಡ ಕಟ್ಟಿದರೆ ರಿಯಾಯಿತಿ. ನೋವಿದ್ದದ್ದು ಕಾಲಿನಲ್ಲಿ, ಕಾಲನ್ನು ಯಾರೂ ಮುಟ್ಟಿ ನೋಡಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ಆ ಕೆಂಪು ಗೆರೆಗಳ ಹಿಂದೆ ಹಳೆಯ ಕಥೆಯೊಂದಿದೆ. 1895ರಲ್ಲಿ ಅಮೆರಿಕದ ಐಯೊವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎಂಬಾತ, ಕಟ್ಟಡ ನೋಡಿಕೊಳ್ಳುತ್ತಿದ್ದ ಹಾರ್ವೆ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆಯನ್ನು ಒತ್ತಿ ಅವನ ಕಿವುಡನ್ನು ಹೋಗಲಾಡಿಸಿದೆ ಎಂದು ಹೇಳಿಕೊಂಡ. ಕೈರೊಪ್ರಾಕ್ಟಿಕ್ ಪದ್ಧತಿ ಶುರುವಾದದ್ದು ಅಲ್ಲಿಂದ. ಕಶೇರುಕಗಳು ತುಸು ಜರುಗಿ ನರಗಳನ್ನು ಅದುಮುವುದೇ ಕಾಯಿಲೆಗಳ ಮೂಲ ಎಂಬ ಅವನ ಸಿದ್ಧಾಂತಕ್ಕೆ ‘ಸಬ್‌ಲಕ್ಸೇಷನ್’ ಎಂದು ಹೆಸರು. ಬ್ರಿಟನ್ನಿನಲ್ಲಿ ಕೈರೊಪ್ರಾಕ್ಟರುಗಳ ಮೇಲೆ ನಿಗಾ ಇಡುವ ಜನರಲ್ ಕೈರೊಪ್ರಾಕ್ಟಿಕ್ ಕೌನ್ಸಿಲ್ 2010ರಲ್ಲಿ, ಇದೊಂದು ಚಾರಿತ್ರಿಕ ಪರಿಕಲ್ಪನೆ, ಇದೇ ರೋಗಕ್ಕೆ ಕಾರಣ ಎಂದು ಹೇಳಿಕೊಳ್ಳಲು ಸಂಶೋಧನೆಯ ಆಧಾರವಿಲ್ಲ ಎಂದು ಸ್ಪಷ್ಟಪಡಿಸಿತು. ಆದರೂ ಕೆಂಪು ಪೆನ್ಸಿಲುಗಳ ಮಾರಾಟ ನಿಂತಿಲ್ಲ.

ಎರಡನೆಯವರನ್ನು ಸೂಚಿಸಿದ್ದು ನಮ್ಮ ಕುಟುಂಬ ವೈದ್ಯರು. ಇವರೂ ಕೈರೊಪ್ರಾಕ್ಟರೇ. ಆದರೆ ಮೊದಲ ಭೇಟಿಯ ಬಹುಪಾಲು ನನ್ನ ಬೆನ್ನಿಗೆ ಕೈ ಹಚ್ಚದೆಯೇ ಕಳೆಯಿತು. ಬರೀ ಪ್ರಶ್ನೆಗಳು, ಅವೂ ವಿಚಿತ್ರ. ಮೂತ್ರ ಹೊಯ್ಯುವಾಗ ತಡೆಯುತ್ತದೆಯೇ? ಮೂತ್ರ ತುಂಬಿದ ಅರಿವೇ ಆಗದೆ ಇರುವುದುಂಟೇ? ಮಲ ಹಿಡಿತ ತಪ್ಪಿದೆಯೇ? ಶೌಚದ ನಂತರ ಒರೆಸಿಕೊಳ್ಳುವಾಗ ಆ ಜಾಗದಲ್ಲಿ ಸ್ಪರ್ಶ ಎಂದಿನಂತೆ ಇದೆಯೇ? ಎರಡೂ ಕಾಲು ಸೋಲುತ್ತಿವೆಯೇ? ಜ್ವರ, ಕಾರಣವಿಲ್ಲದ ತೂಕ ಇಳಿಕೆ, ಹಿಂದೆಂದಾದರೂ ಕ್ಯಾನ್ಸರ್, ದೀರ್ಘಕಾಲ ಸ್ಟಿರಾಯ್ಡ್ ಸೇವನೆ, ಇತ್ತೀಚೆಗೆ ಬಿದ್ದ ಪೆಟ್ಟು? ನಾನು ಒಂದಿಷ್ಟು ಮುಜುಗರದಿಂದಲೇ ಇಲ್ಲ, ಇಲ್ಲ ಎನ್ನುತ್ತಾ ಹೋದೆ. ಅವರು ಪೆನ್ನು ಕೆಳಗಿಟ್ಟು ಹೇಳಿದರು: ‘ಇವುಗಳಲ್ಲಿ ಕೆಲವಕ್ಕೆ ಹೌದು ಎಂದಿದ್ದರೆ ನನ್ನ ಕೆಲಸ ಇಲ್ಲಿಗೇ ಮುಗಿಯುತ್ತಿತ್ತು. ನೀವು ತುರ್ತು ಚಿಕಿತ್ಸೆಗೆ ಹೋಗಬೇಕಾಗುತ್ತಿತ್ತು.’ ಬೆನ್ನುಹುರಿ ಮುಗಿದ ಮೇಲೆ ಕೆಳಗೆ ಇಳಿಯುವ ನರಗಳ ಕಟ್ಟು ಒಟ್ಟಾಗಿ ಅದುಮಿಕೊಂಡರೆ ಮೂತ್ರಕೋಶ ಮತ್ತು ಗುದದ್ವಾರದ ನಿಯಂತ್ರಣ ಕಾಯಂ ಆಗಿ ಹೋಗಬಹುದು. ಅಂಥ ಹೊತ್ತಿನಲ್ಲಿ ಬೇಕಾದದ್ದು ಶಸ್ತ್ರಚಿಕಿತ್ಸಕನ ಕೈ. ಅದೂ ಗಂಟೆಗಳ ಲೆಕ್ಕದಲ್ಲಿ.

ಆಮೇಲೆ ಪರೀಕ್ಷೆ. ನಾನು ಇಷ್ಟು ದೀರ್ಘವಾಗಿ ಬರೆಯಲು ಕೂತದ್ದೇ ಇದಕ್ಕಾಗಿ.

ಗೋಡೆಗೆ ಬೆರಳ ತುದಿ ಆನಿಸಿ ಬಲಗಾಲೊಂದರ ಮೇಲೇ ನಿಂತು ಹಿಮ್ಮಡಿ ಎತ್ತಲು ಹೇಳಿದರು. ಎತ್ತಿದೆ, ಇಳಿಸಿದೆ, ಸಾಕು ಎನ್ನುವವರೆಗೂ ಎತ್ತಿದೆ. ಎಡಗಾಲಿಗೆ ಬದಲಾಯಿಸಿದಾಗ ಮೊದಲೆರಡು ಸಲ ಹಿಮ್ಮಡಿ ಪೂರ್ತಿ ಎದ್ದಿತು. ಮುಂದಿನದು ಅರ್ಧಕ್ಕೇ ನಿಂತಿತು. ಅದರ ಮುಂದಿನದು ಏಳಲೇ ಇಲ್ಲ. ನಾನು ಮೈಯನ್ನು ಗೋಡೆಯತ್ತ ಓಲಿಸಿ ಮೋಸ ಮಾಡುತ್ತಿದ್ದೆ. ನೋವಲ್ಲ, ಸುಸ್ತಲ್ಲ, ಅಪ್ಪಣೆ ಕಾಲಿಗೆ ಮುಟ್ಟುತ್ತಲೇ ಇರಲಿಲ್ಲ. ಅಷ್ಟು ದಿನ ಆ ಕಾಲಿನ ಮೇಲೆಯೇ ಓಡಾಡಿದ್ದರೂ ಅದು ಸೋತಿದೆ ಎಂದು ನನಗೆ ತಿಳಿದದ್ದು ಆ ಗೋಡೆಯ ಬಳಿ.

ನಂತರ ಮೇಜಿನ ಮೇಲೆ ಮಂಡಿಯೂರಿ, ಪಾದಗಳು ಅಂಚಿನಿಂದಾಚೆ ಜೋತಾಡುವಂತೆ ಕೂರಿಸಿದರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಬಲಪಾದ ಚಿಮ್ಮಿತು. ಎಡಪಾದ ಸುಮ್ಮನಿತ್ತು. ಎರಡೂ ಕೈಗಳ ಬೆರಳುಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಬಲವಾಗಿ ಎಳೆಯಿರಿ ಎಂದರು. ಹಾಗೆ ಎಳೆದಾಗ ಮಂಕಾದ ಪ್ರತಿಕ್ರಿಯೆಯೂ ಕೆಲವೊಮ್ಮೆ ಎಚ್ಚೆತ್ತು ಕಾಣಿಸಿಕೊಳ್ಳುತ್ತದಂತೆ. ಎಳೆದೆ. ತಟ್ಟಿದರು. ಏನೂ ಇಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿದಾಗ ಎರಡೂ ಕಾಲು ಸಮವಾಗಿ ಒದ್ದವು. ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದು ಅವರು ಕೆಳಕ್ಕೆ ಒತ್ತಿದಾಗ ಎರಡೂ ಕಡೆ ಬಿಗಿಯಾಗಿ ನಿಂತವು. ಪಾದದ ಹೊರ ಅಂಚಿಗೆ ಸೂಜಿಮೊನೆ ತಾಗಿಸಿದಾಗ ಮಾತ್ರ ಎಡಕ್ಕೆ ಚುಚ್ಚಿದಂತಾಗದೆ ಒತ್ತಿದಂತಾಯಿತು. ಅಂಗಾಲನ್ನು ಗೀರಿದಾಗ ಬೆರಳುಗಳು ಕೆಳಕ್ಕೆ ಮಡಚಿಕೊಂಡವು. ಮಿದುಳು, ಬೆನ್ನುಹುರಿಯ ಕಡೆ ತೊಂದರೆಯಿದ್ದರೆ ಹೆಬ್ಬೆರಳು ಮೇಲಕ್ಕೆ ಏಳುತ್ತಿತ್ತು.

ಮಾಡುತ್ತಾ ಮಾಡುತ್ತಾ ಅವರು ಲೆಕ್ಕವನ್ನು ಬಾಯಿಬಿಟ್ಟೇ ಹೇಳುತ್ತಿದ್ದರು. ಮೊಣಕಾಲಿನ ಪ್ರತಿಕ್ರಿಯೆ ಸರಿಯಿದೆ ಎಂದರೆ ಸೊಂಟದ ನಾಲ್ಕನೇ ನರಬೇರು, ಅಂದರೆ ಬೆನ್ನುಮೂಳೆಯಿಂದ ಹೊರಡುವ ನರದ ಬುಡ, ಸುಸ್ಥಿತಿಯಲ್ಲಿರಬೇಕು. ಹೆಬ್ಬೆರಳಿಗೆ ಬಲವಿದೆ ಎಂದರೆ ಐದನೆಯದೂ ಸರಿ. ಹಿಮ್ಮಡಿ ಎತ್ತಲಾಗದು, ಹಿಮ್ಮಡಿಯ ಪ್ರತಿಕ್ರಿಯೆ ಇಲ್ಲ, ಪಾದದ ಹೊರ ಅಂಚು ಮಂಕು: ಈ ಮೂರೂ ತೋರಿಸುವುದು ಸೊಂಟದ ಕೆಳಗಿನ ತ್ರಿಕ ಮೂಳೆಯ ಮೊದಲ ನರಬೇರಿನ ಕಡೆಗೆ, ವೈದ್ಯರು ಎಸ್1 ಎನ್ನುವುದರ ಕಡೆಗೆ. ಅಂಗಾತ ಮಲಗಿಸಿ ಮಂಡಿ ಮಡಚದೆ ಎಡಗಾಲನ್ನು ಎತ್ತಿದಾಗ ಸುಮಾರು 40 ಡಿಗ್ರಿಗೆ ನೋವು ಮೀನಖಂಡಕ್ಕೆ ನುಗ್ಗಿತು. ಪಾದವನ್ನು ನನ್ನತ್ತ ಮಡಿಚಿದಾಗ ಇನ್ನೂ ಹೆಚ್ಚಿತು. ಆಮೇಲೆ ಬಲಗಾಲನ್ನು ಎತ್ತಿದರು. ಎತ್ತಿದ್ದು ಬಲಗಾಲು, ಚೀರಿದ್ದು ಎಡಗಾಲು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ನೋವಿರುವ ಕಾಲನ್ನು ಎತ್ತಿದಾಗ ನೋಯುವುದು ಡಿಸ್ಕ್ (ಕಶೇರುಕಗಳ ನಡುವಿನ ಮೆತ್ತೆ) ತೊಂದರೆಯಲ್ಲಿ ಸಾಮಾನ್ಯ, ಆದರೆ ಬೇರೆ ಕಾರಣಗಳಿಗೂ ಹಾಗಾಗಬಹುದು. ಸರಿಯಿರುವ ಕಾಲನ್ನು ಎತ್ತಿದಾಗ ಇನ್ನೊಂದು ಕಾಲು ನೋಯುವುದು ಅಪರೂಪ. ನೋಯಿತೆಂದರೆ ಡಿಸ್ಕ್ ಹೊರಚಾಚಿ ನರಬೇರನ್ನು ಕೆಣಕುತ್ತಿದೆ ಎಂಬ ಅನುಮಾನ ಬಹಳ ಗಟ್ಟಿಯಾಗುತ್ತದೆ.

ಕೊನೆಗೆ ಬೋರಲು ಮಲಗಿ, ಸೊಂಟವನ್ನು ಮೇಜಿನ ಮೇಲೇ ಬಿಟ್ಟು, ಕೈಗಳಿಂದ ಎದೆಯನ್ನು ಮೇಲೆತ್ತುವ ಚಲನೆ. ಮತ್ತೆ ಮತ್ತೆ ಮಾಡಿಸಿದರು, ಪ್ರತಿ ಸಲವೂ ‘ಈಗ ನೋವು ಎಲ್ಲಿದೆ?’ ಎಂದು ಕೇಳಿದರು. ಮೀನಖಂಡದ ನೋವು ತೊಡೆಗೆ ಏರಿತು, ತೊಡೆಯಿಂದ ಪೃಷ್ಠಕ್ಕೆ ಬಂತು. ಸೊಂಟ ಮಾತ್ರ ಮೊದಲಿಗಿಂತ ಜೋರಾಗಿ ನೋಯತೊಡಗಿತು. ಹೆಚ್ಚಾಯಿತಲ್ಲ ಎಂದು ನಾನು ಗೊಣಗಿದರೆ ಅವರು ಆ ದಿನ ಮೊದಲ ಬಾರಿಗೆ ಮುಗುಳ್ನಕ್ಕರು. ನೋವು ಕಾಲಿನಿಂದ ಹಿಂದೆ ಸರಿದು ಬೆನ್ನಿನ ನಡುವಿಗೆ ಬರುವುದು ಒಳ್ಳೆಯ ಲಕ್ಷಣವಂತೆ. ಹಾಗೆ ಸರಿಯುವವರು ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುವ ಸಾಧ್ಯತೆ ಹೆಚ್ಚು.

ಸ್ಕ್ಯಾನ್ ಬೇಡವೇ ಎಂದು ಕೇಳಿದೆ. ಈಗಲೇ ಬೇಡ ಎಂದರು. ಬೆನ್ನುನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಗಿದೆ. 20ರ ಪ್ರಾಯದವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆದಿತ್ತು; 80ರ ವೇಳೆಗೆ ಅದು ಶೇ 96. ಡಿಸ್ಕ್ ಉಬ್ಬಿದ್ದವರು 20ರಲ್ಲಿ ಶೇ 30, 80ರಲ್ಲಿ ಶೇ 84. ಇವರೆಲ್ಲರೂ ನೋವಿಲ್ಲದೆ ತಮ್ಮ ಪಾಡಿಗೆ ಓಡಾಡಿಕೊಂಡಿದ್ದವರು. ‘ಚಿತ್ರದಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ. ಅದನ್ನು ಓದಿ ನೀವು ಹೆದರುತ್ತೀರಿ, ನನ್ನ ಚಿಕಿತ್ಸೆಯೋ ಬದಲಾಗುವುದಿಲ್ಲ’ ಎಂದರು. ಕಾಲಿನ ಬಲ ಇನ್ನೂ ಕುಗ್ಗಿದರೆ ಅಥವಾ ಆರು ವಾರಗಳ ಹೊತ್ತಿಗೂ ಸುಧಾರಣೆ ಕಾಣದೆ ಇಂಜೆಕ್ಷನ್, ಶಸ್ತ್ರಚಿಕಿತ್ಸೆಯ ಮಾತು ಬಂದರೆ ಆಗ ಎಂಆರ್‌ಐ ಮಾಡಿಸಲೇಬೇಕು. ಇದನ್ನು ಕಾಗದದ ಮೇಲೆ ಬರೆದೂ ಕೊಟ್ಟರು. ಯಾವುದನ್ನು ಕಂಡರೆ ತನ್ನ ತೀರ್ಮಾನ ಬದಲಾಗುತ್ತದೆ ಎಂದು ಮುಂಚಿತವಾಗಿ ಹೇಳಿದ ಚಿಕಿತ್ಸಕರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಕುದುರಿದ್ದು ಆ ಕಾಗದದಿಂದ, ಗೋಡೆಯ ಮೇಲಿದ್ದ ಪ್ರಮಾಣಪತ್ರಗಳಿಂದಲ್ಲ.

ಚಿಕಿತ್ಸೆಯ ಬಗ್ಗೆಯೂ ಅದೇ ನೇರ ಮಾತು. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಹೊಸದಾಗಿ ಬಂದ ಸೊಂಟನೋವಿಗೆ ಮಾತ್ರೆಗೆ ಮೊದಲು ನೋಡಬಹುದಾದ ಉಪಾಯಗಳ ಸಾಲಿನಲ್ಲಿ ಬಿಸಿ ಶಾಖ, ಮಸಾಜ್, ಅಕ್ಯುಪಂಕ್ಚರ್ ಜೊತೆ ಬೆನ್ನುಮೂಳೆಯ ಕೈಚಿಕಿತ್ಸೆಯೂ ಇದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಅದನ್ನು ಒಪ್ಪುತ್ತದೆ, ಆದರೆ ವ್ಯಾಯಾಮದ ಜೊತೆಯಲ್ಲಿ ಮಾತ್ರ, ಒಂಟಿಯಾಗಿ ಅಲ್ಲ. ನರಬೇರು ಕೆರಳಿ ಕಾಲಿಗೆ ಇಳಿದ ನೋವಿಗೆ ಪುರಾವೆ ಇಷ್ಟು ಗಟ್ಟಿಯಾಗಿಲ್ಲ ಎಂದು ಅವರೇ ಹೇಳಿದರು. ಬಹುಮಂದಿಗೆ ಇಂಥ ನೋವು ಕಾಲಕ್ರಮೇಣ ತಾನಾಗಿಯೇ ಇಳಿಯುತ್ತದೆ, ಹೊರಚಾಚಿದ ಡಿಸ್ಕ್ ಭಾಗವನ್ನು ದೇಹವೇ ಎಷ್ಟೋ ಬಾರಿ ಹೀರಿಕೊಳ್ಳುತ್ತದೆ, ದೊಡ್ಡದಾಗಿ ಹೊರಬಂದದ್ದು ಚಿಕ್ಕ ಉಬ್ಬಿಗಿಂತ ಹೆಚ್ಚಾಗಿ ಹಾಗೆ ಕರಗುತ್ತದೆ ಎಂದೂ ಸೇರಿಸಿದರು. ಹಾಗಾದರೆ ನಿಮ್ಮ ಪಾಲೇನು ಎಂದು ಕೇಳಿದ್ದಕ್ಕೆ, ‘ಅಲ್ಲಿಯವರೆಗೆ ನೋವು ತಗ್ಗಿಸಿ ನಿಮ್ಮನ್ನು ಓಡಾಡುವಂತೆ ಇಡುವುದು, ಕೈಮೀರುವ ಸೂಚನೆ ಕಂಡರೆ ಹಿಡಿಯುವುದು’ ಎಂದರು. ವ್ಯಾಪಾರಕ್ಕೆ ಇಷ್ಟು ಕೆಟ್ಟ ಉತ್ತರವನ್ನು ನಾನು ಕೇಳಿಲ್ಲ. ಒಂದೆರಡು ದಿನ ಮೈಕೈ ನೋವು ಬರಬಹುದು, ಅಪರೂಪಕ್ಕೆ ಡಿಸ್ಕ್ ತೊಂದರೆ ಉಲ್ಬಣಿಸಬಹುದು ಎಂದು ತಿಳಿಸಿ ಸಹಿ ಹಾಕಿಸಿಕೊಂಡರು.

ಮೊದಲ ಕೆಲವು ಭೇಟಿಗಳಲ್ಲಿ ಯಾವ ಸದ್ದೂ ಇರಲಿಲ್ಲ. ಸೊಂಟದ ಬಳಿ ಎರಡಾಗಿ ಬಾಗುವ ಮೇಜಿನ ಮೇಲೆ ಬೋರಲು ಮಲಗಿಸಿ, ಒಂದು ಕೈಯನ್ನು ಬೆನ್ನಿನ ಮೇಲಿಟ್ಟು, ಮೇಜಿನ ಕಾಲಿನ ಭಾಗವನ್ನು ನಿಧಾನವಾಗಿ ಕೆಳಕ್ಕೆ ತೂಗುತ್ತಿದ್ದರು. ಕಾಲಿನ ನೋವು ಸಾಕಷ್ಟು ಇಳಿದ ಮೇಲೆ ಒಂದು ದಿನ ಪಕ್ಕಕ್ಕೆ ಮಲಗಿಸಿ, ಮೇಲಿನ ಮಂಡಿಯನ್ನು ಮಡಿಚಿ, ಭುಜವನ್ನು ಹಿಂದಕ್ಕೂ ಸೊಂಟವನ್ನು ಮುಂದಕ್ಕೂ ತಿರುಗಿಸಿ, ಇನ್ನು ತಿರುಗದು ಎನ್ನುವ ಮಿತಿಯಲ್ಲಿ ನಿಲ್ಲಿಸಿ ‘ಉಸಿರು ಬಿಡಿ’ ಎಂದರು. ಬಿಡುವುದರೊಳಗೆ ಚಿಕ್ಕದೊಂದು ತಳ್ಳು, ಲಟಕ್ ಎಂಬ ಸದ್ದು. ಮೂಳೆ ಸರಿಯಾಗಿ ಕೂತಿತೇ ಎಂದು ಕೇಳಿದೆ. ಕೂರಲು ಅದು ಎದ್ದೇ ಇರಲಿಲ್ಲವಂತೆ.

ಬೆರಳಿನ ಲಟಿಕೆ ಮುರಿದಾಗ ಆಗುವುದೇ ಇಲ್ಲೂ ಆಗುತ್ತದೆ. ಕೀಲಿನೊಳಗಿನ ದ್ರವದಲ್ಲಿ ಅನಿಲ ಕರಗಿರುತ್ತದೆ; ಎರಡು ಮೂಳೆಗಳ ಮೇಲ್ಮೈ ಥಟ್ಟನೆ ದೂರವಾದಾಗ ಒಳಗಿನ ಒತ್ತಡ ಕುಸಿದು ಅನಿಲದ ಪೊಳ್ಳೊಂದು ಏಳುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಬೆರಳಿನ ಗೆಣ್ಣನ್ನು ಎಂಆರ್‌ಐ ಯಂತ್ರದೊಳಗೇ ಎಳೆದು, ಸದ್ದಿನ ಕ್ಷಣದಲ್ಲಿ ಆ ಪೊಳ್ಳು ಮೂಡುವುದನ್ನು ಚಿತ್ರೀಕರಿಸಿದರು. ಒಮ್ಮೆ ಲಟಕ್ ಎಂದ ಗೆಣ್ಣು ಮತ್ತೆ ಸದ್ದು ಮಾಡಲು ಸ್ವಲ್ಪ ಹೊತ್ತು ಬೇಕಾಗುವುದು ಎಲ್ಲರಿಗೂ ಗೊತ್ತೇ ಇದೆ. ಸದ್ದು ಬಂದರೆ ಗುಣ ಹೆಚ್ಚು, ಬಾರದಿದ್ದರೆ ಕಡಿಮೆ ಎಂದೂ ಇಲ್ಲ. ಕುತ್ತಿಗೆಗೆ ಮೈಕು ಸಿಕ್ಕಿಸಿ ಈ ಸದ್ದನ್ನು ದೊಡ್ಡದು ಮಾಡಿ ಮೊಬೈಲಿನಲ್ಲಿ ಹರಿಬಿಡುವ ವಿಡಿಯೊಗಳನ್ನು ನೋಡಿದಾಗ, ಒಗ್ಗರಣೆಯ ಚಟಪಟವನ್ನು ಕೇಳಿಸಿ ಊಟ ಮುಗಿಯಿತು ಎಂದಂತೆ ಕಾಣುತ್ತದೆ ನನಗೆ. ಆ ತಳ್ಳಿನಿಂದ ನೋವು ಇಳಿಯುವುದು ಬಹುಶಃ ಸ್ನಾಯುಗಳ ಬಿಗಿತ ಮತ್ತು ನೋವಿನ ಸಂಕೇತಗಳು ಸ್ವಲ್ಪ ಕಾಲ ತಗ್ಗುವುದರಿಂದ. ಆ ಕಾಲಾವಧಿಯಲ್ಲಿ ನಾನು ಏನು ಮಾಡುತ್ತೇನೆ ಎಂಬುದಕ್ಕೇ ಅವರು ತೂಕ ಕೊಟ್ಟದ್ದು. ಬೋರಲು ಮಲಗಿ ಎದೆ ಎತ್ತುವುದು, ದಿನಕ್ಕೆ ಹಲವು ಬಾರಿ. ನಡಿಗೆ, ಪ್ರತಿದಿನ. ಕೂರುವುದನ್ನು ತುಂಡು ತುಂಡು ಮಾಡುವುದು. ಹಿಮ್ಮಡಿ ಎತ್ತುವ ಅಭ್ಯಾಸ, ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂದರಲ್ಲಿ.

ಪ್ರತಿ ಭೇಟಿಯೂ ಅಳತೆಯಿಂದ ಶುರುವಾಗುತ್ತಿತ್ತು. ಕಾಲು ಎಷ್ಟು ಡಿಗ್ರಿ ಎತ್ತಬಹುದು, ಹಿಮ್ಮಡಿ ಎಷ್ಟು ಸಲ ಏಳುತ್ತದೆ, ಕೂರುವುದು, ನಿದ್ದೆ, ಭಾರ ಎತ್ತುವುದು ಇತ್ಯಾದಿಗಳ ಮೇಲೆ ಅಂಕ ಹಾಕುವ ಆಸ್ವೆಸ್ಟ್ರಿ ಎಂಬ ಪ್ರಶ್ನಾವಳಿಯಲ್ಲಿ ಎಷ್ಟು ಬಂತು. ‘ಪರವಾಗಿಲ್ಲ ಅನಿಸುತ್ತಿದೆ’ ಎಂಬ ನನ್ನ ಮಾತನ್ನು ಅವರು ಬರೆದುಕೊಳ್ಳುತ್ತಿದ್ದರು, ಆದರೆ ಅದನ್ನೇ ನಂಬಿ ಕೂರುತ್ತಿರಲಿಲ್ಲ. ನಡುವೆ ಒಮ್ಮೆ ದೀರ್ಘ ಪ್ರಯಾಣದ ನಂತರ ನೋವು ಮತ್ತೆ ಮೀನಖಂಡಕ್ಕೆ ಇಳಿದು ನನ್ನ ಧೈರ್ಯವೆಲ್ಲ ಉಡುಗಿಹೋಯಿತು. ಫೋನ್ ಮಾಡಿದರೆ ಅವರು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು. ಬಲವೂ ಕುಗ್ಗಿರಲಿಲ್ಲವಾದ್ದರಿಂದ ಹಳೆಯ ವ್ಯಾಯಾಮಕ್ಕೇ ಮರಳಿದೆ. ಕೆಲವು ದಿನಗಳಲ್ಲಿ ಅದೂ ಇಳಿಯಿತು.

ಕೈಯ ವಿಷಯ ಬಂದದ್ದು ಹೀಗೆ ಅರ್ಧ ದಾರಿಯಲ್ಲಿ. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಕೈ ಒದರಿಕೊಂಡರೆ ಹೋಗುತ್ತಿತ್ತು. ಹೇಗೂ ಇಲ್ಲಿಗೆ ಬರುತ್ತಿದ್ದೇನಲ್ಲ, ಕುತ್ತಿಗೆಯನ್ನೂ ಒಮ್ಮೆ ಲಟಕ್ ಅನ್ನಿಸಿಬಿಡಿ ಎಂದೆ. ಅವರು ಕುತ್ತಿಗೆಯನ್ನು ಪರೀಕ್ಷಿಸಿದರು ನಿಜ. ಬಲಕ್ಕೆ ಓಲಿಸಿ ನೆತ್ತಿಯ ಮೇಲೆ ಒತ್ತಿದರು. ಕೈಗೆ ಏನೂ ಇಳಿಯಲಿಲ್ಲ. ಎರಡೂ ಪಕ್ಕಕ್ಕೆ ಸಲೀಸಾಗಿ ತಿರುಗುತ್ತಿತ್ತು. ಮೊಣಕೈಯ ಹಿಂದೆ, ಮುಂದೆ ಸುತ್ತಿಗೆ ತಟ್ಟಿದಾಗ ಎರಡೂ ಕಡೆ ಸಮ. ಆಮೇಲೆ ಹತ್ತಿಯ ಎಳೆಯೊಂದನ್ನು ತೆಗೆದು ನನ್ನ ಉಂಗುರದ ಬೆರಳನ್ನು ಹಿಡಿದರು. ಮಧ್ಯದ ಬೆರಳಿನ ಕಡೆಯ ಪಕ್ಕಕ್ಕೆ ಎಳೆ ತಾಗಿಸಿದಾಗ ಬಟ್ಟೆಯ ಮೇಲಿಂದ ಮುಟ್ಟಿದಂತಿತ್ತು. ಅದೇ ಬೆರಳಿನ ಕಿರುಬೆರಳ ಕಡೆಯ ಪಕ್ಕದಲ್ಲಿ ಕಚಗುಳಿ. ಒಂದೇ ಬೆರಳು, ಉದ್ದಕ್ಕೆ ಸೀಳಿದಂತೆ ಎರಡು ಪಾಲು.

ಕುತ್ತಿಗೆಯಿಂದ ಬರುವ ನರಬೇರು ಕೆಣಕಿದ್ದರೆ ಸಾಮಾನ್ಯವಾಗಿ ಬೆರಳು ಹೀಗೆ ಪಾಲಾಗುವುದಿಲ್ಲ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಮೀಡಿಯನ್ ನರದ ಸೀಮೆ. ಉಳಿದ ಒಂದೂವರೆ ಬೆರಳು ಅಲ್ನರ್ ನರಕ್ಕೆ ಸೇರಿದ್ದು. ಹೆಬ್ಬೆರಳ ಬುಡದ ಉಬ್ಬಿನ ಚರ್ಮದಲ್ಲಿ ನನಗೆ ಸ್ಪರ್ಶ ಸರಿಯಾಗಿಯೇ ಇತ್ತು. ಆ ಚರ್ಮಕ್ಕೆ ಹೋಗುವ ಕವಲು ಮಣಿಕಟ್ಟಿನ ಸುರಂಗದೊಳಗೆ ಹೊಗದೆ ಹೊರಗಿನಿಂದಲೇ ಹಾದುಹೋಗುತ್ತದೆ. ಅಂದರೆ ನರ ಅದುಮಿಕೊಂಡಿರುವ ಜಾಗ ಬಹುಶಃ ಆ ಸುರಂಗವೇ. ಎರಡೂ ಮಣಿಕಟ್ಟುಗಳನ್ನು ಒಳಕ್ಕೆ ಮಡಿಚಿ ಹಿಂಬದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಸಿದರು. ನಿಮಿಷ ತುಂಬುವ ಮೊದಲೇ ಬಲಗೈ ಜುಮುಗುಟ್ಟಿತು. ಕಾರ್ಪಲ್ ಟನಲ್ ಎಂದರು.

ಕುತ್ತಿಗೆಯನ್ನು ತಿರುಗಿಸಲು ಅವರು ಒಪ್ಪಲಿಲ್ಲ. ಕುತ್ತಿಗೆಯ ತೀಕ್ಷ್ಣ ತಿರುವಿನ ಚಿಕಿತ್ಸೆಯ ನಂತರ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ. ಅದು ಬಹಳ ಅಪರೂಪ. ಕೆಲವರಲ್ಲಿ ನಾಳ ಮೊದಲೇ ಹರಿಯತೊಡಗಿ, ಅದರ ಕುತ್ತಿಗೆನೋವಿಗಾಗಿಯೇ ಅವರು ಚಿಕಿತ್ಸೆಗೆ ಬಂದಿರಬಹುದು ಎಂಬ ವಾದವೂ ಇದೆ. ‘ಪ್ರಯೋಜನ ಸೊನ್ನೆಯಿರುವಾಗ ಎಷ್ಟು ಅಪರೂಪದ ಅಪಾಯವೂ ದುಬಾರಿಯೇ’ ಎಂದರು. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ರಾತ್ರಿ ಕಟ್ಟಿಕೊಳ್ಳಲು ಹೇಳಿ, ಕುಟುಂಬ ವೈದ್ಯರಿಗೆ ಪತ್ರ ಬರೆದರು: ಥೈರಾಯ್ಡ್ ಮತ್ತು ರಕ್ತದ ಸಕ್ಕರೆ ನೋಡಿ, ನರವಾಹಕತೆ ಪರೀಕ್ಷೆ ಮಾಡಿಸಿ. ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ ಎರಡೂ ಇದರ ಹಿಂದೆ ಅಡಗಿರುವುದುಂಟಂತೆ. ನನ್ನ ರಕ್ತ ಸರಿಯಿತ್ತು. ನರವಾಹಕತೆ ಪರೀಕ್ಷೆ ಮಣಿಕಟ್ಟಿನಲ್ಲಿ ಸಂಕೇತ ತುಸು ತಡವಾಗುತ್ತಿರುವುದನ್ನು ತೋರಿಸಿತು. ಪಟ್ಟಿ ಕಟ್ಟಿ ಮಲಗತೊಡಗಿದ ಮೇಲೆ ರಾತ್ರಿ ಎಚ್ಚರವಾಗುವುದು ಬಹುಮಟ್ಟಿಗೆ ನಿಂತಿದೆ. ಹೆಬ್ಬೆರಳ ಬುಡದ ಸ್ನಾಯು ಬತ್ತಲು ಶುರುವಾದರೆ ಮಾತ್ರ ಕಾಯದೆ ಶಸ್ತ್ರಚಿಕಿತ್ಸಕರ ಬಳಿ ಹೋಗಬೇಕು.

ಕಾಲಿನ ಕೊನೆಯ ಭೇಟಿಯಲ್ಲಿ ಮೊದಲ ದಿನದ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿದರು. ಎಡ ಹಿಮ್ಮಡಿ ಬಲದಷ್ಟೇ ಸಲ ಎದ್ದಿತು, ಕೊನೆಕೊನೆಗೆ ಸ್ವಲ್ಪ ನಡುಗುತ್ತಾ. ಕಾಲು ಎತ್ತಿದರೆ ತೊಡೆಯ ಹಿಂದಿನ ಬಿಗಿತ ಬಿಟ್ಟು ಬೇರೆ ನೋವಿಲ್ಲ. ಪಾದದ ಹೊರ ಅಂಚಿನಲ್ಲಿ ಉಗುರಗಲದ ಜಾಗ ಇನ್ನೂ ಮಂಕು. ಸುತ್ತಿಗೆ ತಟ್ಟಿದಾಗ ಎಡಪಾದ ಅಂದಿನಂತೆಯೇ ಸುಮ್ಮನಿತ್ತು. ಬಲ ಮರಳಿದ ಮೇಲೂ ಎಷ್ಟೋ ಜನರಲ್ಲಿ ಈ ಪ್ರತಿಕ್ರಿಯೆ ಮರಳುವುದಿಲ್ಲ, ಅದರಿಂದ ಓಡಾಟಕ್ಕೆ ತೊಂದರೆಯೂ ಇಲ್ಲ ಎಂದರು. ತಿಂಗಳಿಗೊಮ್ಮೆ ಬಂದು ಬೆನ್ನು ನೋಡಿಸಿಕೊಂಡು ಹೋಗಲೇ ಎಂದು ಕೇಳಿದೆ. ಪದೇ ಪದೇ ಸೊಂಟ ಹಿಡಿದುಕೊಳ್ಳುವ ಕೆಲವರಿಗೆ ಅಂಥ ಭೇಟಿಗಳಿಂದ ಉಪಯೋಗ ಕಂಡಿದೆ. ಇದೇ ಮೊದಲ ಸಲ ನೋವು ಬಂದು ಹೋಗಿರುವ ನಿಮಗೆ ಬೇಡ ಎಂದರು. ಕುಟುಂಬ ವೈದ್ಯರಿಗೆ ಬರೆದ ಕೊನೆಯ ಪತ್ರದ ಪ್ರತಿಯನ್ನು ನನಗೂ ಕೊಟ್ಟರು. ಅದರಲ್ಲಿ ಒಂದೇ ಸಾಲಿನ ಕೆಳಗೆ ಗೆರೆ ಎಳೆದಿದ್ದರು: ಎಡ ಹಿಮ್ಮಡಿಯ ಪ್ರತಿಕ್ರಿಯೆ ಇಲ್ಲ, ಹಳೆಯದು. ಮುಂದೆ ಯಾರಾದರೂ ವೈದ್ಯರು ಸುತ್ತಿಗೆ ತಟ್ಟಿ ಗಾಬರಿಯಾಗಿ ನನ್ನನ್ನು ಸ್ಕ್ಯಾನಿಗೆ ಅಟ್ಟದಿರಲಿ ಎಂದು.